ಸಿ ಲೈಬ್ರರಿಗೆ ಎಇಎಸ್ ಬರೆಯೋದು: 256 ಬಿಟ್ ಕೀ ಹೊಂದ್ತಿಲ್ಲ, ಟೇಬಲ್ ಇಡೋದಾ ಬೇಡ್ವಾ?

ಸಿ_ಕಟ್ಟುವವ:

ಹೊರಗಿನ ಯಾವುದನ್ನೂ ಎಳೆದುಕೊಳ್ಳದ ಒಂದು ಚಿಕ್ಕ ಕ್ರಿಪ್ಟೋ ಲೈಬ್ರರಿಗೆ ಎಇಎಸ್ (ಡೇಟಾವನ್ನು 16 ಬೈಟಿನ ಬ್ಲಾಕ್‌ಗಳಾಗಿ, ಹಲವು ರೌಂಡ್‌ಗಳಲ್ಲಿ ಎನ್‌ಕ್ರಿಪ್ಟ್ ಮಾಡೋ ಸೈಫರ್) ಸೇರಿಸ್ತಿದೀನಿ. ಸಿ99. ಪಿಸಿ ಮೇಲೂ ಓಡಬೇಕು, 32 ಬಿಟ್ ಮೈಕ್ರೋಕಂಟ್ರೋಲರ್ ಮೇಲೂ ಓಡಬೇಕು. ಎಇಎಸ್‌ನ ಅಧಿಕೃತ ಮಾನದಂಡ ಫಿಪ್ಸ್ 197 ಪಕ್ಕದಲ್ಲಿಟ್ಟುಕೊಂಡೇ ಬರೆದದ್ದು. 128 ಮತ್ತು 192 ಬಿಟ್ ಕೀಗೆ ಅದರಲ್ಲಿರೋ ಉದಾಹರಣೆಗಳು ಬೈಟಿಗೆ ಬೈಟ್ ಹೊಂದುತ್ತವೆ. 256ಕ್ಕೆ ಮಾತ್ರ ಔಟ್‌ಪುಟ್ ಪೂರ್ತಿ ಬೇರೆ. ವಿಸ್ತರಿಸಿದ ಕೀ (ಮೂಲ ಕೀಯಿಂದ ಪ್ರತಿ ರೌಂಡಿಗೂ ಹುಟ್ಟೋ ಕೀಗಳು, 4 ಬೈಟಿನ ವರ್ಡ್‌ಗಳಾಗಿ) ಪ್ರಿಂಟ್ ಮಾಡಿ ನೋಡಿದ್ರೆ ವರ್ಡ್ 0ಯಿಂದ 11ರ ತನಕ ಸರಿ, 12ರಿಂದ ಮುಂದಕ್ಕೆ ಎಲ್ಲಾ ಹಾಳು.

ಇನ್ನೊಂದು ಪ್ರಶ್ನೆ. ಈಗ ನಾಲ್ಕು ಟಿ-ಟೇಬಲ್ (ರೌಂಡಿನ ಲೆಕ್ಕ ಮೊದಲೇ ಮಾಡಿಟ್ಟ ಪಟ್ಟಿ) ಇದೆ, ಒಟ್ಟು 4 ಕೆಬಿ. ಕೋಡ್ ರಿವ್ಯೂನಲ್ಲಿ "ಟೇಬಲ್ ತೆಗೀರಿ, ಟೈಮಿಂಗ್ ಸೋರುತ್ತೆ" ಅಂತ ಬಂದಿದೆ, ಅಂದರೆ ಓಡೋಕೆ ಹಿಡಿಯೋ ಸಮಯದಿಂದ ಕೀ ಗೊತ್ತಾಗಬಹುದು ಅಂತ. 256 ಬೈಟಿನ ಎಸ್-ಬಾಕ್ಸ್ (ಪ್ರತಿ ಬೈಟಿಗೂ ಬದಲಿ ಬೈಟ್ ಕೊಡೋ ಪಟ್ಟಿ) ಒಂದನ್ನೇ ಇಟ್ಕೊಂಡ್ರೆ ಸಾಕಾ, ಅಥವಾ ಅದೂ ಹೋಗಬೇಕಾ?

ಕೀಲಿಕೈ:

ವರ್ಡ್ 12ರಲ್ಲೇ ಮುರೀತಿದೆ ಅಂದ್ರೆ ಕಾರಣ ಒಂದೇ. ಕೀ 8 ವರ್ಡ್ ಉದ್ದ ಇದ್ದಾಗ ಇನ್ನೊಂದು ಹೆಜ್ಜೆ ಇದೆ: ಸೂಚ್ಯಂಕವನ್ನು 8ರಿಂದ ಭಾಗಿಸಿದಾಗ ಶೇಷ 4 ಬಂದರೆ, ಹಿಂದಿನ ವರ್ಡನ್ನು ಎಸ್-ಬಾಕ್ಸ್ ಮೂಲಕ ಹಾಯಿಸಬೇಕು. ತಿರುಗಿಸೋ ಹಾಗಿಲ್ಲ, ರೌಂಡ್ ಸ್ಥಿರಾಂಕವನ್ನೂ ಎಕ್ಸಾರ್ (ಬಿಟ್‌ಗಳು ಬೇರೆಯಾದರೆ 1, ಒಂದೇ ಆದರೆ 0) ಮಾಡೋ ಹಾಗಿಲ್ಲ, ಬರೀ ಸಬ್‌ವರ್ಡ್. ಹಾಗಾಗಿ ವರ್ಡ್ 12 ಅಂದರೆ ಸಬ್‌ವರ್ಡ್ ಆದ ವರ್ಡ್ 11, ಎಕ್ಸಾರ್ ವರ್ಡ್ 4. 128 ಮತ್ತು 192ರಲ್ಲಿ ಈ ಹೆಜ್ಜೆಯೇ ಇಲ್ಲ, ಅದಕ್ಕೇ ಅವೆರಡೂ ಪಾಸ್ ಆಗಿವೆ.

ಹಾಗೇ ಸ್ಥಿರಾಂಕಗಳ ಪಟ್ಟೀನೂ ಒಮ್ಮೆ ನೋಡಿಬಿಡಿ. ಹೆಕ್ಸ್‌ನಲ್ಲಿ 01, 02, 04, 08, 10, 20, 40, 80, ಆಮೇಲೆ 1ಬಿ, 36. 128 ಬಿಟ್ ಕೀಗೆ ಹತ್ತೂ ಬೇಕು, 192ಕ್ಕೆ 8 ಸಾಕು, 256ಕ್ಕೆ 7 ಸಾಕು. ಅಂದರೆ ಕೊನೇ ಎರಡು ತಪ್ಪಿದ್ದರೆ ಗೊತ್ತಾಗೋದು 128ರ ಟೆಸ್ಟ್‌ನಲ್ಲಿ ಮಾತ್ರ, ಸಬ್‌ವರ್ಡ್ ಬಿಟ್ಟುಹೋದದ್ದು ಗೊತ್ತಾಗೋದು 256ರಲ್ಲಿ ಮಾತ್ರ. ಮೂರೂ ಅಳತೆಯ ಟೆಸ್ಟ್ ಓಡಿಸದೆ ಕೀ ಷೆಡ್ಯೂಲ್ (ಕೀ ವಿಸ್ತರಣೆ) ಸರಿಯಿದೆ ಅನ್ನೋಕೆ ಬರೋಲ್ಲ.

ಒಂದೇ_ಸಾಲು:

+1. ಲೂಪ್ 60ನೇ ವರ್ಡ್‌ಗೆ ನಿಲ್ಲುತ್ತಾ ಅಂತಾನೂ ನೋಡಿ, 15 ರೌಂಡ್ ಕೀ ಅಂದ್ರೆ 240 ಬೈಟ್.

ಕ್ಯಾಶ್‌ಲೈನ್64:

ಟೇಬಲ್ ವಿಷಯಕ್ಕೆ ಬರ್ತೀನಿ. ರಿವ್ಯೂ ಮಾಡಿದವರು ಹೇಳಿದ್ದು ಸರಿ, ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಒಂದು ಟಿ-ಟೇಬಲ್ 1024 ಬೈಟ್. ಕ್ಯಾಶಿನ (ಪ್ರೊಸೆಸರ್ ಪಕ್ಕದ ಸಣ್ಣ, ವೇಗದ ಮೆಮೊರಿ) ಒಂದು ಲೈನ್ 64 ಬೈಟ್ ಇದ್ದರೆ ಅದು 16 ಲೈನ್‌ಗಳಲ್ಲಿ ಕೂರುತ್ತೆ. ಯಾವ ಲೈನ್ ಮುಟ್ಟಿದ್ರಿ ಅನ್ನೋದು ಅದೇ ಯಂತ್ರದಲ್ಲಿ ಓಡೋ ಬೇರೆ ಪ್ರೋಗ್ರಾಮಿಗೆ ಗೊತ್ತಾದರೆ, ಸೂಚ್ಯಂಕದ ಮೇಲಿನ 4 ಬಿಟ್ ಗೊತ್ತಾದ ಹಾಗೆ. ಮೊದಲ ರೌಂಡ್‌ನಲ್ಲಿ ಸೂಚ್ಯಂಕ ಅಂದರೆ ಪ್ಲೈನ್‌ಟೆಕ್ಸ್ಟ್ (ಎನ್‌ಕ್ರಿಪ್ಟ್ ಆಗೋ ಮೂಲ ಡೇಟಾ) ಬೈಟ್ ಎಕ್ಸಾರ್ ಕೀ ಬೈಟ್, ಅಷ್ಟೇ. ಪ್ಲೈನ್‌ಟೆಕ್ಸ್ಟ್ ಗೊತ್ತಿದ್ದವನಿಗೆ 16 ಕೀ ಬೈಟಿನಲ್ಲೂ ತಲಾ 4 ಬಿಟ್ ಸಿಕ್ಕಿತು, 128ರಲ್ಲಿ 64 ಹೋಯಿತು. ಉಳಿದದ್ದಕ್ಕೆ ಎರಡನೇ ರೌಂಡ್ ನೋಡಿದರೆ ಆಯ್ತು. ಇದು ಬರೀ ಕಾಗದದ ಮೇಲಿನ ಮಾತಲ್ಲ: 2005ರಲ್ಲೇ ಡೇನಿಯಲ್ ಬರ್ನ್‌ಸ್ಟೈನ್ ಟೈಮಿಂಗ್ ಅಳೆದು ಕೀ ತೆಗೆದು ತೋರಿಸಿದರು, ಅದೇ ಹೊತ್ತಿಗೆ ಓಸ್ವಿಕ್, ಶಮೀರ್, ಟ್ರೋಮರ್ ಕ್ಯಾಶ್ ಮೂಲಕವೇ ತೆಗೆದರು.

256 ಬೈಟಿನ ಎಸ್-ಬಾಕ್ಸ್ ಆದರೆ 4 ಲೈನ್, ಅಂದರೆ ಪ್ರತಿ ಓದಿಗೆ 2 ಬಿಟ್. ಸೋರಿಕೆ ಕಮ್ಮಿ ಆಯ್ತು, ನಿಲ್ಲಲಿಲ್ಲ. 128 ಬಿಟ್ ಕೀಗೆ ಒಂದು ಬ್ಲಾಕಿಗೆ 160 ಸಲ ಎಸ್-ಬಾಕ್ಸ್ ಓದ್ತೀರಿ, ಸಾವಿರಾರು ಬ್ಲಾಕ್ ಕೂಡಿಸಿ ನೋಡೋನಿಗೆ 2 ಬಿಟ್ ಧಾರಾಳ.

ಪುಟ್ಟಚಿಪ್:

ಇದನ್ನ ಎಲ್ಲಾ ಕಡೆಗೂ ಅನ್ವಯಿಸಬೇಡಿ ಸರ್. ಕಾರ್ಟೆಕ್ಸ್-ಎಂ0 ಅಂಥ ಚಿಪ್‌ನಲ್ಲಿ ಡೇಟಾ ಕ್ಯಾಶೇ ಇಲ್ಲ. ಅಲ್ಲಿ ಎಸ್-ಬಾಕ್ಸ್ ಇಟ್ಟರೆ ಕ್ಯಾಶ್ ಸೋರಿಕೆ ಎಲ್ಲಿಂದ ಬರುತ್ತೆ? 256 ಬೈಟ್ ಫ್ಲ್ಯಾಶ್, ಕೋಡ್ ಸಣ್ಣದು, ಕೆಲಸ ಮುಗೀತು.

ಆದರೆ ಟೇಬಲ್ ಮುಂದೆ ಸ್ಟ್ಯಾಟಿಕ್ ಕಾನ್ಸ್ಟ್ ಹಾಕೋದು ಮರೀಬೇಡಿ. ಕಾನ್ಸ್ಟ್ ಬಿಟ್ಟರೆ ಕಂಪೈಲರ್ ಅದನ್ನ ಬದಲಾಗಬಹುದಾದ ಡೇಟಾ ಅಂತ ತಿಳಿದು, ಬೂಟ್ ಆಗುವಾಗ ಫ್ಲ್ಯಾಶ್‌ನಿಂದ ರ‍್ಯಾಮಿಗೆ ಕಾಪಿ ಮಾಡಿಸುತ್ತೆ. 4 ಕೆಬಿ ಟಿ-ಟೇಬಲ್ ಹಾಗೆ ರ‍್ಯಾಮಿಗೆ ಬಂದು ಕೂತರೆ, 8 ಕೆಬಿ ರ‍್ಯಾಮ್ ಇರೋ ಚಿಪ್‌ನಲ್ಲಿ ಅರ್ಧ ಅಲ್ಲೇ ಹೋಯ್ತು. ಮ್ಯಾಪ್ ಫೈಲ್ ತೆಗೆದು ಟೇಬಲ್ ಯಾವ ಸೆಕ್ಷನ್‌ನಲ್ಲಿದೆ ನೋಡಿ.

ಕ್ಯಾಶ್‌ಲೈನ್64:

ಎಂ0 ಬಗ್ಗೆ ಒಪ್ತೀನಿ, ಆದರೆ "ಮೈಕ್ರೋಕಂಟ್ರೋಲರ್ ಅಂದ್ರೆ ಕ್ಯಾಶ್ ಇಲ್ಲ" ಅಂತ ಬರೆದಿಡೋ ಹಾಗಿಲ್ಲ. ಎಂ7ನಲ್ಲಿ ಡೇಟಾ ಕ್ಯಾಶ್ ಸಾಮಾನ್ಯವಾಗಿ ಇರುತ್ತೆ. ಕೆಲವು ಎಂ3, ಎಂ4 ಚಿಪ್‌ಗಳಲ್ಲಿ ಫ್ಲ್ಯಾಶ್ ಮುಂದೆ ತಯಾರಕರೇ ಒಂದು ಸಣ್ಣ ಬಫರ್ ಕೂರಿಸಿರ್ತಾರೆ, ಅದಕ್ಕೆ ಯಾವ ಹೆಸರಿಟ್ಟರೂ ಕೆಲಸ ಕ್ಯಾಶಿನದೇ. ಒಂದೇ ಸೋರ್ಸ್ ಎರಡೂ ಕಡೆ ಓಡಬೇಕು ಅಂತ ಪ್ರಶ್ನೆ ಕೇಳಿದವರೇ ಹೇಳಿದಾರೆ. ಹಾಗಿದ್ದಾಗ ಡೀಫಾಲ್ಟ್ ಸುರಕ್ಷಿತವಾಗಿರಲಿ, ಟೇಬಲ್ ಬೇಕಾದವರು ಬಿಲ್ಡ್ ಆಯ್ಕೆ ಆನ್ ಮಾಡಿಕೊಳ್ಳಲಿ.

ಎಚ್ಚರಿಕೆ_ಶೂನ್ಯ:

ಟೇಬಲ್ ಪೂರ್ತಿ ಮೊದಲೇ ಓದಿ ಕ್ಯಾಶಿಗೆ ತಂದುಬಿಟ್ಟರೆ ಆಗೋಲ್ವಾ? 4 ಲೈನ್ ತಾನೇ.

ಕ್ಯಾಶ್‌ಲೈನ್64:

ಆಗೋಲ್ಲ. ನೀವು ಓದಿದ ಮೇಲೆ, ರೌಂಡ್ ಮಧ್ಯದಲ್ಲಿ, ಇಂಟರಪ್ಟ್ ಬಂದೋ ಅದೇ ಕೋರ್‌ನ ಇನ್ನೊಂದು ಥ್ರೆಡ್‌ನಿಂದಲೋ ಆ ಲೈನ್ ಹೊರಕ್ಕೆ ತಳ್ಳಿಸಿಕೊಳ್ಳಬಹುದು. ದಾಳಿ ಮಾಡೋನು ಮಾಡೋದೇ ಅದು.

ಪ್ರತಿ ಸಲ 256 ಬೈಟನ್ನೂ ಓದಿ, ಬೇಕಾದ್ದನ್ನು ಮಾಸ್ಕ್‌ನಿಂದ ಆರಿಸಿಕೊಳ್ಳೋ ದಾರಿ ಇದೆ, ಅದು ಸೋರೋಲ್ಲ. ಆದರೆ ಒಂದು ಬ್ಲಾಕಿಗೆ 160 ಗುಣಿಸು 256, ಅಂದರೆ 40,960 ಓದು. ಕೀ ವಿಸ್ತರಣೆಗೆ ಪರವಾಗಿಲ್ಲ, ಅಲ್ಲಿ 128 ಬಿಟ್ ಕೀಗೆ 40 ಎಸ್-ಬಾಕ್ಸ್ ಓದು ಮಾತ್ರ. ಡೇಟಾ ಹಾಯೋ ದಾರಿಗೆ ಬೇಡವೇ ಬೇಡ.

ಬಿಟ್‌ಹೆಣಿಗೆ:

ಹಾಗಿದ್ರೆ ಉಳಿಯೋದು ಬಿಟ್‌ಸ್ಲೈಸ್. ಬಹಳ ಜನ ಇದಕ್ಕೆ ಹೆದರ್ತಾರೆ, ಹೆದರೋ ಅಗತ್ಯ ಇಲ್ಲ. 32 ಬಿಟ್ ವರ್ಡ್ ಎಂಟು ತಗೊಳ್ಳಿ, 256 ಬಿಟ್ ಆಯ್ತು, ಅಂದರೆ ಎರಡು ಬ್ಲಾಕ್ ಹಿಡಿಯುತ್ತೆ. ಎರಡೂ ಬ್ಲಾಕಿನ 32 ಬೈಟ್‌ಗಳ 0ನೇ ಬಿಟ್ ಎಲ್ಲಾ ಮೊದಲ ವರ್ಡ್‌ಗೆ, 1ನೇ ಬಿಟ್ ಎಲ್ಲಾ ಎರಡನೇದಕ್ಕೆ, ಹೀಗೆ 7ರ ತನಕ. ಆಮೇಲೆ ಎಸ್-ಬಾಕ್ಸ್ ಅಂದರೆ ಟೇಬಲ್ ಅಲ್ಲ, ಆಂಡ್, ಎಕ್ಸಾರ್, ನಾಟ್‌ಗಳ ಒಂದು ಸರ್ಕ್ಯೂಟ್. ಬೊಯಾರ್ ಮತ್ತು ಪೆರಾಲ್ಟಾ ಪ್ರಕಟಿಸಿರೋ ಸರ್ಕ್ಯೂಟ್ 115 ಗೇಟ್‌ಗಳ ಆಸುಪಾಸಿನದು, ಅದರಲ್ಲಿ 32 ಮಾತ್ರ ಆಂಡ್. ಒಂದು ಸಲ ಓಡಿಸಿದರೆ 32 ಬೈಟಿಗೂ ಎಸ್-ಬಾಕ್ಸ್ ಒಟ್ಟಿಗೇ ಆಗಿಬಿಡುತ್ತೆ. ಸೂಚ್ಯಂಕ ಇಲ್ಲ, ಬ್ರಾಂಚ್ ಇಲ್ಲ, ಸೋರೋಕೆ ಏನೂ ಇಲ್ಲ. 64 ಬಿಟ್ ವರ್ಡ್ ಆದರೆ ಒಟ್ಟಿಗೆ 4 ಬ್ಲಾಕ್.

ತೊಂದರೆ ಎಲ್ಲಿ ಅಂದರೆ ಮೋಡ್‌ನಲ್ಲಿ, ಅಂದರೆ ಬ್ಲಾಕ್‌ಗಳನ್ನು ಒಂದಕ್ಕೊಂದು ಜೋಡಿಸೋ ರೀತಿಯಲ್ಲಿ. ಸಿಟಿಆರ್ ಮೋಡ್‌ನಲ್ಲಿ ಎನ್‌ಕ್ರಿಪ್ಟ್ ಆಗೋದು ಕೌಂಟರ್‌ಗಳು, ಅವು ಮುಂಚೆಯೇ ಗೊತ್ತಿರುತ್ತವೆ, ಎರಡೂ ಜಾಗ ತುಂಬುತ್ತೆ. ಸಿಬಿಸಿ ಎನ್‌ಕ್ರಿಪ್ಟ್‌ನಲ್ಲಿ ಹಿಂದಿನ ಬ್ಲಾಕಿನ ಫಲಿತಾಂಶ ಮುಂದಿನದಕ್ಕೆ ಬೇಕು, ಹಾಗಾಗಿ ಒಂದು ಬ್ಲಾಕ್ ಮುಗೀದೆ ಮುಂದಿನದು ಶುರುವಾಗೋಲ್ಲ, ಅರ್ಧ ಜಾಗ ಖಾಲಿ ಓಡುತ್ತೆ. ಸಿಬಿಸಿ ಡಿಕ್ರಿಪ್ಟ್‌ಗೆ ಆ ತಾಪತ್ರಯ ಇಲ್ಲ. ಹಾಗಾಗಿ ಒಳಗಿನ ಫಂಕ್ಷನ್ "ಒಂದು ಬ್ಲಾಕ್" ಅಲ್ಲ, "ಇಷ್ಟು ಬ್ಲಾಕ್" ಅಂತ ಎಣಿಕೆ ತಗೊಳ್ಳೋ ಹಾಗೆ ಮೊದಲ ದಿನದಿಂದಲೇ ಬರೀರಿ. ಆಮೇಲೆ ಬದಲಾಯಿಸೋಕೆ ಹೋದರೆ ಪ್ರತಿ ಮೋಡ್‌ನ ಕೋಡೂ ಬಿಚ್ಚಬೇಕಾಗುತ್ತೆ.

ಹಗುರಸೈಫರ್:

ಇಷ್ಟೆಲ್ಲಾ ಒದ್ದಾಟ ಯಾಕೆ ಮಾರಾಯ್ರೆ? ಚಾಚಾ20 ಹಾಕಿ. ಕೂಡು, ತಿರುಗಿಸು, ಎಕ್ಸಾರ್, ಅಷ್ಟೇ. ಟೇಬಲ್ ಇಲ್ಲವೇ ಇಲ್ಲ. ಬ್ಲಾಕ್ ಸೈಫರೇ ಬೇಕಂದ್ರೆ ಎಕ್ಸ್‌ಟೀ ಇದೆ, ಇಪ್ಪತ್ತು ಸಾಲಿನ ಕೋಡ್.

ಕೀಲಿಕೈ:

ಎಕ್ಸ್‌ಟೀ ಬ್ಲಾಕ್ 64 ಬಿಟ್. 2ರ ಘಾತ 32 ಬ್ಲಾಕ್, ಅಂದರೆ 32 ಜಿಬಿ ಹತ್ತಿರ ಬರುವಾಗ ಒಂದೇ ಕೀ ಅಡಿಯಲ್ಲಿ ಎರಡು ಬ್ಲಾಕ್ ಒಂದೇ ಆಗೋ ಸಂಭವ ಜೋರಾಗುತ್ತೆ, ಸಿಬಿಸಿಯಲ್ಲಿ ಹಾಗಾದಾಗ ಎರಡು ಪ್ಲೈನ್‌ಟೆಕ್ಸ್ಟ್‌ಗಳ ಎಕ್ಸಾರ್ ಹೊರಬರುತ್ತೆ. 2016ರ ಸ್ವೀಟ್32 ದಾಳಿ ತ್ರಿವಳಿ ಡಿಇಎಸ್ ಮತ್ತು ಬ್ಲೋಫಿಷ್ ಮೇಲೆ ತೋರಿಸಿದ್ದು ಇದನ್ನೇ. ಹೊಸ ಕೋಡ್‌ಗೆ 64 ಬಿಟ್ ಬ್ಲಾಕ್ ತರಬೇಡಿ. ಚಾಚಾ20 ಒಳ್ಳೇದೇ, ಆದರೆ ಎದುರಿನ ಸಾಧನ ಎಇಎಸ್ ಮಾತ್ರ ಮಾತಾಡಿದ್ರೆ ಆಯ್ಕೆ ಎಲ್ಲಿದೆ?

ವೆಕ್ಟರ್‌ರಾಣಿ:

ಟೈಮಿಂಗ್‌ಗಿಂತ ಮುಂಚೆ ಬೀಳೋ ಹಳ್ಳಗಳನ್ನ ಯಾರೂ ಹೇಳ್ತಿಲ್ಲ.

ಸ್ಟೇಟ್ (ಬ್ಲಾಕಿನ 16 ಬೈಟ್ ಕೂರೋ 4x4 ಚೌಕ) ತುಂಬೋ ಕ್ರಮ: ಫಿಪ್ಸ್ 197ರಲ್ಲಿ ಬೈಟ್‌ಗಳು ಮೇಲಿಂದ ಕೆಳಕ್ಕೆ, ಕಂಬಸಾಲಾಗಿ ತುಂಬುತ್ತವೆ. ಬೈಟ್ ಸಂಖ್ಯೆಯನ್ನು 4ರಿಂದ ಭಾಗಿಸಿದ ಶೇಷ ಅಡ್ಡಸಾಲು, ಭಾಗಲಬ್ಧ ಕಂಬಸಾಲು. ಇದನ್ನ ಉಲ್ಟಾ ತುಂಬಿದರೂ ನಿಮ್ಮದೇ ಡಿಕ್ರಿಪ್ಟ್ ನಿಮ್ಮದೇ ಎನ್‌ಕ್ರಿಪ್ಟನ್ನು ಸರಿಯಾಗಿ ಬಿಚ್ಚುತ್ತೆ! ಅದಕ್ಕೇ ಎನ್‌ಕ್ರಿಪ್ಟ್ ಮಾಡಿ ಡಿಕ್ರಿಪ್ಟ್ ಮಾಡಿ ಹೋಲಿಸೋದನ್ನ ಟೆಸ್ಟ್ ಅಂತ ನಂಬಬೇಡಿ. ಹೊರಗಿನ ವೆಕ್ಟರ್ (ಸರಿ ಉತ್ತರ ಗೊತ್ತಿರೋ ಟೆಸ್ಟ್ ಉದಾಹರಣೆ) ಇಲ್ಲದೆ ಸೈಫರ್ ಸರಿ ಅಂತ ಹೇಳೋಕಾಗಲ್ಲ.

ಇನ್ನು ಸಿ ಭಾಷೆಯದೇ ಕಾಟ. ನಾಲ್ಕು ಬೈಟ್ ಸೇರಿಸಿ ವರ್ಡ್ ಮಾಡುವಾಗ ಮೊದಲ ಬೈಟನ್ನು ನೇರ 24 ಬಿಟ್ ಎಡಕ್ಕೆ ಶಿಫ್ಟ್ ಮಾಡ್ತಾರೆ. ಬೈಟ್ ಮೊದಲು ಇಂಟ್ ಆಗುತ್ತೆ, ಬೆಲೆ 128 ಅಥವಾ ಹೆಚ್ಚಿದ್ದರೆ ಸೈನ್ ಬಿಟ್‌ಗೆ ನುಗ್ಗುತ್ತೆ, ಅದು ಅನ್‌ಡಿಫೈನ್ಡ್ ಬಿಹೇವಿಯರ್, ಏನಾಗುತ್ತೆ ಅಂತ ಭಾಷೆ ಹೇಳೋಲ್ಲ. ಶಿಫ್ಟ್‌ಗಿಂತ ಮುಂಚೆ ಯುಇಂಟ್32ಗೆ ಕ್ಯಾಸ್ಟ್ ಮಾಡಿ. ತಿರುಗಿಸೋ ಮ್ಯಾಕ್ರೋದಲ್ಲಿ 0 ಬಂದರೆ ಇನ್ನೊಂದು ಕಡೆ 32 ಬಿಟ್ ಶಿಫ್ಟ್ ಆಗುತ್ತೆ, ಅದೂ ಅನ್‌ಡಿಫೈನ್ಡ್.

ಎಚ್ಚರಿಕೆ_ಶೂನ್ಯ:

ಬೈಟ್ ಬೈಟ್ ಸೇರಿಸೋದು ನಿಧಾನ ಅಲ್ವಾ? ಬೈಟ್ ಪಾಯಿಂಟರನ್ನೇ ಯುಇಂಟ್32 ಪಾಯಿಂಟರ್‌ಗೆ ಕ್ಯಾಸ್ಟ್ ಮಾಡಿ ಓದಿದರೆ ಪಿಸಿ ಮೇಲೆ ಚೆನ್ನಾಗೇ ಓಡುತ್ತೆ.

ಪುಟ್ಟಚಿಪ್:

ಪಿಸಿ ಮೇಲೆ ಓಡುತ್ತೆ, ಎಂ0 ಮೇಲೆ 4ರಿಂದ ಭಾಗವಾಗದ ವಿಳಾಸ ಬಂದ ತಕ್ಷಣ ಹಾರ್ಡ್‌ಫಾಲ್ಟ್. ಮೇಲಾಗಿ ಸ್ಟ್ರಿಕ್ಟ್ ಅಲಿಯಾಸಿಂಗ್ ನಿಯಮ (ಒಂದು ಬಗೆಯ ಡೇಟಾವನ್ನು ಬೇರೆ ಬಗೆಯ ಪಾಯಿಂಟರಿಂದ ಓದಬಾರದು) ಮುರೀತೀರಿ, ಒ2 ಆಪ್ಟಿಮೈಸೇಶನ್‌ನಲ್ಲಿ ಕಂಪೈಲರ್ ಓದು-ಬರಹದ ಕ್ರಮ ಅದಲು ಬದಲು ಮಾಡಿದರೆ ಅದು ಅದರ ಹಕ್ಕು. 4 ಬೈಟ್ ಮೆಮ್‌ಕಾಪಿ ಬರೀರಿ, ಪಿಸಿ ಮೇಲೆ ಜಿಸಿಸಿ, ಕ್ಲ್ಯಾಂಗ್ ಎರಡೂ ಅದನ್ನ ಒಂದೇ ಲೋಡ್ ಸೂಚನೆ ಮಾಡುತ್ತವೆ. ಬೈಟ್ ಶಿಫ್ಟ್‌ಗಳನ್ನು ಬರೆದರೂ ಈಗಿನ ಕಂಪೈಲರ್‌ಗಳು ಸಾಮಾನ್ಯವಾಗಿ ಗುರುತು ಹಿಡಿಯುತ್ತವೆ, ಎಂಡಿಯನ್ (ಬೈಟ್ ಕ್ರಮದ) ಚಿಂತೆಯೂ ತಪ್ಪುತ್ತೆ.

ವೆಕ್ಟರ್‌ರಾಣಿ:

ಹೌದು. ಮತ್ತೆ, ಇನ್‌ಪುಟ್ ಔಟ್‌ಪುಟ್ ಪಾಯಿಂಟರ್‌ಗಳಿಗೆ ರೆಸ್ಟ್ರಿಕ್ಟ್ (ಬಫರ್‌ಗಳು ಬೇರೆ ಬೇರೆ ಅಂತ ಕಂಪೈಲರ್‌ಗೆ ಕೊಡೋ ಮಾತು) ಅಂಟಿಸಬೇಡಿ. ಬಳಸೋರು ಒಂದೇ ಬಫರನ್ನು ಎರಡೂ ಕಡೆ ಕೊಟ್ಟೇ ಕೊಡ್ತಾರೆ. ಸಿಬಿಸಿ ಡಿಕ್ರಿಪ್ಟ್‌ನಲ್ಲಿ ಹಾಗೆ ಕೊಟ್ಟಾಗ, ಹಿಂದಿನ ಸೈಫರ್‌ಟೆಕ್ಸ್ಟ್ ಬ್ಲಾಕ್ ಮೇಲೆ ಆಗಲೇ ಪ್ಲೈನ್‌ಟೆಕ್ಸ್ಟ್ ಬರೆದುಬಿಟ್ಟಿರ್ತೀರಿ, ಮುಂದಿನದಕ್ಕೆ ಎಕ್ಸಾರ್ ಮಾಡೋಕೆ ಅದು ಇರೋಲ್ಲ. ಬರೆಯೋ ಮುಂಚೆ 16 ಬೈಟ್ ಪಕ್ಕಕ್ಕೆ ಎತ್ತಿಡಿ. ಭಾಗಶಃ ಒಂದರ ಮೇಲೊಂದು ಬಿದ್ದಿರೋ ಬಫರ್‌ಗಳಿಗೆ ಎರರ್ ಕೋಡ್ ವಾಪಸ್ ಕೊಡಿ.

ಸಿ_ಕಟ್ಟುವವ:

ಸಬ್‌ವರ್ಡ್ ಹೆಜ್ಜೆ ಸೇರಿಸಿದ ಮೇಲೆ 60 ವರ್ಡೂ ಹೊಂದಿವೆ, ಕೀಲಿಕೈ ಅವರಿಗೆ ಧನ್ಯವಾದ. ಬಿಟ್‌ಸ್ಲೈಸೇ ಡೀಫಾಲ್ಟ್ ಮಾಡ್ತೀನಿ. ಪಿಸಿ ಮೇಲೆ ಪ್ರೊಸೆಸರ್‌ನ ಎಇಎಸ್ ಸೂಚನೆಗಳನ್ನೂ ಬಳಸಬೇಕು. ಬಿಲ್ಡ್‌ಗೆ ಎಂಎಇಎಸ್ ಫ್ಲ್ಯಾಗ್ ಕೊಟ್ಟರೆ ಸಾಕಾ?

ಲೋಹದ_ಹತ್ತಿರ:

ಇಡೀ ಲೈಬ್ರರಿಗೆ ಕೊಡಬೇಡಿ. ಆ ಫ್ಲ್ಯಾಗ್ ಕೊಟ್ಟರೆ ಕಂಪೈಲರ್‌ಗೆ ಎಲ್ಲಾ ಕಡೆ ಅನುಮತಿ ಸಿಕ್ಕ ಹಾಗೆ, ಸೂಚನೆ ಇಲ್ಲದ ಹಳೇ ಪ್ರೊಸೆಸರ್‌ನಲ್ಲಿ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಸಾಯುತ್ತೆ. ಆ ಫಂಕ್ಷನ್‌ಗಳನ್ನು ಒಂದು ಪ್ರತ್ಯೇಕ ಫೈಲಿಗೆ ಹಾಕಿ ಅದಕ್ಕೆ ಮಾತ್ರ ಫ್ಲ್ಯಾಗ್ ಕೊಡಿ, ಇಲ್ಲಾ ಫಂಕ್ಷನ್ ಮೇಲೇ ಟಾರ್ಗೆಟ್ ಆಟ್ರಿಬ್ಯೂಟ್ ಹಾಕಿ. ಓಡುವಾಗ ಪರೀಕ್ಷಿಸಿ ಆರಿಸಿಕೊಳ್ಳಿ: ಎಕ್ಸ್86ನಲ್ಲಿ ಸಿಪಿಯುಐಡಿ ಲೀಫ್ 1, ಇಸಿಎಕ್ಸ್‌ನ 25ನೇ ಬಿಟ್. ಜಿಸಿಎಂಗೆ (ಸಿಟಿಆರ್ ಜೊತೆ ಡೇಟಾ ಬದಲಾಗಿಲ್ಲ ಅಂತ ತೋರಿಸೋ ಟ್ಯಾಗ್ ಸೇರಿಸೋ ಮೋಡ್) ಬೇಕಾದ ಕ್ಯಾರಿ ಇಲ್ಲದ ಗುಣಾಕಾರ ಅದೇ ರಿಜಿಸ್ಟರಿನ 1ನೇ ಬಿಟ್, ಅದನ್ನ ಬೇರೆಯಾಗೇ ನೋಡಿ. 64 ಬಿಟ್ ಆರ್ಮ್ ಲಿನಕ್ಸ್‌ನಲ್ಲಿ ಗೆಟ್‌ಆಕ್ಸ್‌ವಾಲ್ ಕರೆದು ಎಚ್‌ಡಬ್ಲ್ಯುಕ್ಯಾಪ್ ಬಿಟ್ ನೋಡಬೇಕು.

ಎರಡಕ್ಕೂ ಒಂದೇ ಲೂಪ್ ಬರೆಯೋಕೆ ಹೋಗಬೇಡಿ. ಇಂಟೆಲ್ ಸೂಚನೆ ರೌಂಡಿನ ಹೆಜ್ಜೆಗಳಾದ ಶಿಫ್ಟ್‌ರೋಸ್, ಸಬ್‌ಬೈಟ್ಸ್, ಮಿಕ್ಸ್‌ಕಾಲಮ್ಸ್ ಮುಗಿಸಿ ಕೊನೆಗೆ ರೌಂಡ್ ಕೀ ಎಕ್ಸಾರ್ ಮಾಡುತ್ತೆ. ಹಾಗಾಗಿ 128 ಬಿಟ್ ಕೀಗೆ ಶುರುವಿನಲ್ಲಿ ಕೀ 0 ಕೈಯಾರೆ ಎಕ್ಸಾರ್, ಆಮೇಲೆ 1ರಿಂದ 9 ಸಾಮಾನ್ಯ ಸೂಚನೆ, 10ಕ್ಕೆ ಕೊನೇ ರೌಂಡಿನ ಸೂಚನೆ. ಆರ್ಮ್‌ನಲ್ಲಿ ಉಲ್ಟಾ: ಸೂಚನೆ ಮೊದಲು ಕೀ ಎಕ್ಸಾರ್ ಮಾಡಿ ಆಮೇಲೆ ಸಬ್‌ಬೈಟ್ಸ್, ಶಿಫ್ಟ್‌ರೋಸ್ ಮಾಡುತ್ತೆ; ಮಿಕ್ಸ್‌ಕಾಲಮ್ಸ್‌ಗೆ ಮಾತ್ರ ಬೇರೆಯೇ ಸೂಚನೆ. ಅಲ್ಲಿ ಕೀ 0ಯಿಂದ 9ರ ತನಕ ಸೂಚನೆಗೆ ಹೋಗುತ್ತೆ, ಕೀ 9ರ ನಂತರ ಮಿಕ್ಸ್‌ಕಾಲಮ್ಸ್ ಇಲ್ಲ, ಕೀ 10 ಕೈಯಾರೆ ಎಕ್ಸಾರ್. ಒಂದರ ಕೋಡನ್ನು ಇನ್ನೊಂದಕ್ಕೆ ನಕಲು ಮಾಡಿದಾಗ ಕೀ ಒಂದು ಸ್ಥಾನ ಜಾರೋದು ಇಲ್ಲೇ.

ವೇಗ ಬೇಕಂದ್ರೆ ಬ್ಲಾಕ್‌ಗಳನ್ನು ಒಟ್ಟೊಟ್ಟಿಗೆ ಓಡಿಸಿ. ಸ್ಕೈಲೇಕ್‌ನಲ್ಲಿ ಒಂದು ರೌಂಡಿನ ಫಲಿತಾಂಶ ಬರೋಕೆ 4 ಸೈಕಲ್ ಬೇಕು, ಆದರೆ ಪ್ರತಿ ಸೈಕಲ್‌ಗೂ ಹೊಸದೊಂದನ್ನು ಶುರು ಮಾಡಬಹುದು. ಹ್ಯಾಸ್‌ವೆಲ್‌ನಲ್ಲಿ 7 ಸೈಕಲ್. ಒಂದೊಂದೇ ಬ್ಲಾಕ್ ಓಡಿಸಿದರೆ ಯಂತ್ರ ಕಾಯ್ತಾ ಕೂರುತ್ತೆ, ಸಿಟಿಆರ್‌ನಲ್ಲಿ 8 ಬ್ಲಾಕ್ ಹೆಣೆದರೆ ಎರಡರಲ್ಲೂ ತುಂಬಿ ಓಡುತ್ತೆ.

ಡಿಕ್ರಿಪ್ಟ್ ಸೂಚನೆಗೆ ಎನ್‌ಕ್ರಿಪ್ಟ್ ಕೀಗಳನ್ನು ಬರೀ ಹಿಂದುಮುಂದು ಮಾಡಿ ಕೊಟ್ಟರೆ ಆಗೋಲ್ಲ. ಮೊದಲ ಮತ್ತು ಕೊನೆಯ ಕೀ ಬಿಟ್ಟು ಮಧ್ಯದವಕ್ಕೆಲ್ಲ ವಿಲೋಮ ಮಿಕ್ಸ್‌ಕಾಲಮ್ಸ್ ಆಗಿರಬೇಕು.

ಒಂದೇ_ಸಾಲು:

ಸಿಟಿಆರ್ ಮತ್ತು ಜಿಸಿಎಂ ಮಾತ್ರ ಇದ್ದರೆ ಡಿಕ್ರಿಪ್ಟ್ ಫಂಕ್ಷನ್ನೇ ಬೇಡ, ಎರಡೂ ದಿಕ್ಕಿಗೂ ಎನ್‌ಕ್ರಿಪ್ಟೇ ಸಾಕು.

ಕೀಲಿಕೈ:

ಸರಿಯಾದ ಮಾತು, ಫ್ಲ್ಯಾಶೂ ಉಳಿಯುತ್ತೆ. ಆದರೆ ಕೌಂಟರ್ ಹುಷಾರು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ 800-38ಎ ದಾಖಲೆಯ ಸಿಟಿಆರ್ ಉದಾಹರಣೆಯಲ್ಲಿ ಕೌಂಟರಿನ ಕೊನೇ ಬೈಟ್ 255ರಿಂದ ಶುರು, ಹಾಗಾಗಿ ಕ್ಯಾರಿ ಒಂದು ಬೈಟ್ ಮಾತ್ರ ದಾಟುತ್ತೆ. ಕೋಡ್ ಎರಡನೇ ಬೈಟಿನಿಂದಾಚೆ ಕ್ಯಾರಿ ಕಳಿಸದಿದ್ದರೂ ಆ ವೆಕ್ಟರ್ ಪಾಸ್! 16 ಬೈಟೂ 255 ಇರೋ ಕೌಂಟರ್‌ನಿಂದ ಶುರುವಾಗೋ ಟೆಸ್ಟನ್ನು ನೀವೇ ಸೇರಿಸಿ. ಜಿಸಿಎಂನಲ್ಲಿ ಬೇರೆ ನಿಯಮ, ಕೊನೇ 4 ಬೈಟ್ ಮಾತ್ರ ಏರಬೇಕು, 96 ಬಿಟ್ ನಾನ್ಸ್‌ಗೆ (ಪ್ರತಿ ಸಂದೇಶಕ್ಕೂ ಬೇರೆ ಇರಬೇಕಾದ ಸಂಖ್ಯೆ) ಕ್ಯಾರಿ ನುಗ್ಗಬಾರದು. ಅದಕ್ಕೇ ಒಂದು ಸಂದೇಶಕ್ಕೆ 2ರ ಘಾತ 32ರಲ್ಲಿ 2 ಕಳೆದಷ್ಟು ಬ್ಲಾಕ್ ಮಿತಿ, ಸುಮಾರು 64 ಜಿಬಿ. ಅದು ದಾಟಿದರೆ ಫಂಕ್ಷನ್ ಎರರ್ ಕೊಡಲೇಬೇಕು, ಸುಮ್ಮನೆ ಸುತ್ತಿ ಬಂದರೆ ಕೀಸ್ಟ್ರೀಮ್ ಮರುಬಳಕೆ ಆಗುತ್ತೆ.

ಜಿಸಿಎಂ ಟ್ಯಾಗ್ ಹೋಲಿಸೋಕೆ ಮೆಮ್‌ಸಿಎಂಪಿ ಬೇಡ, ಅದು ಮೊದಲ ವ್ಯತ್ಯಾಸದಲ್ಲೇ ನಿಲ್ಲಬಹುದು. 16 ಬೈಟಿನ ಎಕ್ಸಾರ್‌ಗಳನ್ನೂ ಆರ್ ಮಾಡುತ್ತಾ ಹೋಗಿ ಕೊನೆಗೆ ಸೊನ್ನೆಯಾ ನೋಡಿ.

ವೆಕ್ಟರ್‌ರಾಣಿ:

ಟೆಸ್ಟ್‌ಗಳ ಬಗ್ಗೆ ಒಂದಿಷ್ಟು. ಎನ್‌ಐಎಸ್‌ಟಿಯ ಎಇಎಸ್ ವೆಕ್ಟರ್ ಫೈಲ್‌ಗಳಲ್ಲಿ ಕೀಯ ಒಂದೊಂದೇ ಬಿಟ್ ಬದಲಾಯಿಸೋವು, ಪ್ಲೈನ್‌ಟೆಕ್ಸ್ಟಿನ ಒಂದೊಂದೇ ಬಿಟ್ ಬದಲಾಯಿಸೋವು ಇವೆ, ಎಸ್-ಬಾಕ್ಸ್‌ನಲ್ಲಿ ಒಂದೇ ಒಂದು ಬೆಲೆ ತಪ್ಪಿದ್ದರೂ ಹಿಡಿಯೋವೂ ಇವೆ. ಮಾಂಟೆ ಕಾರ್ಲೋ ಟೆಸ್ಟ್ 1000 ಸಲದ ಸರಣಿಯನ್ನು 100 ಬಾರಿ ಓಡಿಸುತ್ತೆ. ಜಿಸಿಎಂನ ಅಂಚುಗಳಿಗೆ ವೈಚ್‌ಪ್ರೂಫ್ ಅನ್ನೋ ಟೆಸ್ಟ್ ಸಂಗ್ರಹದ ವೆಕ್ಟರ್‌ಗಳು ಚೆನ್ನಾಗಿವೆ.

ಬಫರ್ ವಿಳಾಸವನ್ನು 0ಯಿಂದ 15 ಬೈಟ್ ತನಕ ಸರಿಸಿ ಸರಿಸಿ ಓಡಿಸಿ. ಉದ್ದ 0, 1, 15, 16, 17 ಹಾಗೂ 8 ಬ್ಲಾಕಿನ ಆಚೀಚೆ, 127, 128, 129. ಬ್ಲಾಕ್‌ಗಳನ್ನು ಹೆಣೆದ ಕೋಡ್ ಒಡೆಯೋದೇ ಬಾಲದಲ್ಲಿ.

ಕಾನ್‌ಸ್ಟಂಟ್ ಟೈಮ್ (ಕೀ ಯಾವುದಿದ್ದರೂ ಒಂದೇ ಸಮಯ) ಹೌದೋ ಅಲ್ವೋ ಅಂತ ನೋಡೋಕೆ ಮೆಮೊರಿ ಪರೀಕ್ಷಿಸೋ ಸಾಧನ ವ್ಯಾಲ್‌ಗ್ರೈಂಡ್ ಸಾಕು. ಕೀಯನ್ನು ಅನ್‌ಡಿಫೈನ್ಡ್ ಅಂತ ಗುರುತು ಹಾಕಿ ಎನ್‌ಕ್ರಿಪ್ಟ್ ಓಡಿಸಿ. ಕೀಯನ್ನು ಅವಲಂಬಿಸಿ ಬ್ರಾಂಚ್ ಆದರೂ, ಕೀ ಮೆಮೊರಿ ವಿಳಾಸಕ್ಕೆ ಸೇರಿದರೂ ಅದರ ಮೆಮ್‌ಚೆಕ್ ಕೂಗುತ್ತೆ. ಫಲಿತಾಂಶ ಹೋಲಿಸೋ ಮುಂಚೆ ಸೈಫರ್‌ಟೆಕ್ಸ್ಟನ್ನು ಮತ್ತೆ ಡಿಫೈನ್ಡ್ ಮಾಡಿ. ಇದನ್ನ ಒ0, ಒ2, ಒ3ನಲ್ಲಿ, ಎರಡೂ ಕಂಪೈಲರ್‌ನಲ್ಲಿ ಓಡಿಸಿ. ನೀವು ಮಾಸ್ಕ್ ಬರೆದಿದ್ದರೂ ಕಂಪೈಲರ್ ಅದನ್ನ ಬ್ರಾಂಚ್ ಮಾಡೋ ಸಾಧ್ಯತೆ ಇದ್ದೇ ಇದೆ, ಸೋರ್ಸ್ ಓದಿ ತೀರ್ಮಾನಿಸಬೇಡಿ.

ಪುಟ್ಟಚಿಪ್:

ಕೀ ಅಳಿಸೋದು ಯಾರೂ ಹೇಳಲಿಲ್ಲ. ಫಂಕ್ಷನ್ ಕೊನೆಯಲ್ಲಿ ಮೆಮ್‌ಸೆಟ್ ಬರೆದರೆ, ಆ ಮೆಮೊರಿಯನ್ನು ಮತ್ತೆ ಯಾರೂ ಓದಲ್ಲ ಅಂತ ಕಂಪೈಲರ್ ಅದನ್ನೇ ಕಿತ್ತುಹಾಕುತ್ತೆ. ಜಿಲಿಬ್‌ಸಿ 2.25ರಿಂದ ಎಕ್ಸ್‌ಪ್ಲಿಸಿಟ್ ಬಿಜೀರೋ ಇದೆ, ವಿಂಡೋಸ್‌ನಲ್ಲಿ ಸೆಕ್ಯೂರ್‌ಜೀರೋಮೆಮೊರಿ, ಸಿ23ರಲ್ಲಿ ಮೆಮ್‌ಸೆಟ್ ಎಕ್ಸ್‌ಪ್ಲಿಸಿಟ್ ಬಂದಿದೆ. ಸಿ99ನಲ್ಲೇ ಇರಬೇಕಂದ್ರೆ ವೊಲಟೈಲ್ ಬೈಟ್ ಪಾಯಿಂಟರ್ ಮೂಲಕ ಲೂಪ್ ಬರೀರಿ. ವಿಸ್ತರಿಸಿದ ಕೀ ಅಷ್ಟೇ ಅಲ್ಲ, ಸ್ಟ್ಯಾಕ್ ಮೇಲಿನ ತಾತ್ಕಾಲಿಕ ಬ್ಲಾಕ್‌ಗಳೂ ಹೋಗಬೇಕು. 128 ಬಿಟ್ ಕೀ ಆದರೆ, ಕೊನೇ ರೌಂಡ್ ಕೀ ಒಂದು ಸಿಕ್ಕರೂ ಹಿಂದಕ್ಕೆ ಲೆಕ್ಕ ಹಾಕಿ ಮೂಲ ಕೀ ತೆಗೀಬಹುದು.

ಸಿ_ಕಟ್ಟುವವ:

ಕೊನೇದೊಂದು. ಬಿಟ್‌ಸ್ಲೈಸ್ ಮತ್ತು ಹಾರ್ಡ್‌ವೇರ್ ಎರಡಕ್ಕೂ ಒಂದೇ ಕಾಂಟೆಕ್ಸ್ಟ್ ಸ್ಟ್ರಕ್ಟ್ ಸಾಲುತ್ತಾ?

ಬಿಟ್‌ಹೆಣಿಗೆ:

ಸ್ಟ್ರಕ್ಟ್ ಒಂದೇ ಇರಲಿ, ಒಳಗಿನ ಕೀ ಬೇರೆ. ಹಾರ್ಡ್‌ವೇರ್‌ಗೆ ರೌಂಡ್ ಕೀಗಳು ಸಾಮಾನ್ಯ ಬೈಟ್ ಕ್ರಮದಲ್ಲಿ, 256 ಬಿಟ್‌ಗೆ 240 ಬೈಟ್. ಎರಡು ಬ್ಲಾಕಿನ ಬಿಟ್‌ಸ್ಲೈಸ್‌ಗೆ ಅದೇ ಕೀಗಳು ಬಿಟ್ ಕ್ರಮದಲ್ಲಿ ಬೇಕು, ಪ್ರತಿ ರೌಂಡಿಗೂ 8 ವರ್ಡ್, ಒಟ್ಟು 480 ಬೈಟ್. ಎರಡೂ ಬ್ಲಾಕಿಗೆ ಕೀ ಒಂದೇ ಆಗಿರೋದ್ರಿಂದ ಅರ್ಧದಷ್ಟನ್ನೇ ಇಟ್ಟು ಬಳಸೋ ಮುಂಚೆ ಹರಡಿಕೊಳ್ಳಬಹುದು, ಆಗ ಇದೂ 240ರಲ್ಲೇ ಕೂರುತ್ತೆ. ಯೂನಿಯನ್ ಮಾಡಿ.

ಯಾವ ದಾರಿ ಅನ್ನೋದನ್ನ ಕೀ ಹಾಕುವಾಗಲೇ ತೀರ್ಮಾನಿಸಿ, ಕಾಂಟೆಕ್ಸ್ಟ್‌ನಲ್ಲೇ ಫಂಕ್ಷನ್ ಪಾಯಿಂಟರ್ ಇಡಿ. ಎನ್‌ಕ್ರಿಪ್ಟ್ ಕರೆದಾಗೆಲ್ಲ ಸಿಪಿಯುಐಡಿ ನೋಡಬೇಡಿ, ಅದು ನಿಧಾನದ ಸೂಚನೆ, ವರ್ಚುವಲ್ ಮೆಷಿನ್ ಒಳಗಂತೂ ಇನ್ನೂ ದುಬಾರಿ. ಒಂದು ದಾರಿಗೆ ಹಾಕಿದ ಕೀಯನ್ನು ಇನ್ನೊಂದು ದಾರಿ ಓದಿದರೆ ಎರರ್ ಬರೋಲ್ಲ, ತಪ್ಪು ಸೈಫರ್‌ಟೆಕ್ಸ್ಟ್ ಸದ್ದಿಲ್ಲದೆ ಹೊರಗೆ ಹೋಗುತ್ತೆ. ಹಾಗಾಗಿ ಬಿಲ್ಡ್‌ನಲ್ಲಿ ಒಂದು ಟೆಸ್ಟ್ ಆಯ್ಕೆ ಇಟ್ಟು, ಒಂದೇ ಯಂತ್ರದಲ್ಲಿ ಎರಡೂ ದಾರಿಯನ್ನು ಬಲವಂತವಾಗಿ ಓಡಿಸಿ, ಔಟ್‌ಪುಟ್ ಒಂದಕ್ಕೊಂದು ಹೋಲಿಸಿ ನೋಡಿ.